ಹಾಯಿ ಇಳಿಸಿದ ಮೇಲೆ

ಹಾಯಿಯ ಹಗ್ಗ ಬಿಚ್ಚುವ ಮೊದಲು ದೋಣಿಯ ತಿಮ್ಮಣ್ಣ ಎಲ್ಲರನ್ನೂ ಕೇಳುವಂತೆ ಇವರನ್ನೂ ಕೇಳಿದ. “ಬಸುರಿ ಹೆಣ್ಮಕ್ಳು ಯಾರಾದ್ರೂ ಇದೀರಾ? ಇದ್ರೆ ಹಾಯಿ ಬಿಚ್ಚಲ್ಲ, ಹುಟ್ಟು ಹಾಕ್ಕೊಂಡೇ ಹೋಗೋಣ. ಗಾಳಿ ಕೈಗೆ ಎರಡು ಜೀವ ಕೊಡಬಾರ್ದು ಅಂತಿದ್ದ ನಮ್ಮಪ್ಪ.”

“ಇಲ್ಲಿ ಹೊಟ್ಟೆ ಬಂದಿರೋದು ನಂಗೊಬ್ನಿಗೇ ತಿಮ್ಮಣ್ಣ. ನೀವು ಬಿಚ್ಚಿ” ಎಂದು ವನಮಾಲಾಳ ಅಳಿಯ ಪ್ರಜ್ವಲ್ ನಕ್ಕ.

“ಯಾರೂ ಇಲ್ಲ” ಎಂದಳು ಅವನ ಹೆಂಡತಿ ಮೇಧಾ, ನೀರನ್ನು ನೋಡುತ್ತ.

ವನಮಾಲಾ ಮಗಳ ಕೈಯನ್ನೇ ನೋಡುತ್ತಿದ್ದಳು. ಆ ಕೈ ಮಡಿಲಲ್ಲಿದ್ದ ಚೀಲವನ್ನು ಹೊಟ್ಟೆಗೆ ಇನ್ನಷ್ಟು ಅವುಚಿಕೊಂಡಿತು. ಬೆಳಿಗ್ಗೆ ಕಾಫಿಯನ್ನು ಯಾರಿಗೂ ಕಾಣದಂತೆ ಬಚ್ಚಲಿಗೆ ಚೆಲ್ಲಿದ್ದೂ, ಬೈಕು ಬೇಡವೆಂದು ಹೊಳೆಬಾಗಿಲಿನ ದಡಕ್ಕೆ ಬಸ್ಸಿನಲ್ಲೇ ಬಂದದ್ದೂ ಇದೇ ಕಾರಣಕ್ಕಲ್ಲವೆ? ಕೇಳುವಂತಿರಲಿಲ್ಲ. ಹೋದ ವರ್ಷ ಮೂರು ತಿಂಗಳಿಗೇ ಊರಿಗೆಲ್ಲ ಸುದ್ದಿಯಾಗಿ, ಆಮೇಲೆ ಬಸುರು ನಿಲ್ಲದೆ ಹೋದಾಗ, ಸಮಾಧಾನ ಹೇಳಲು ಬಂದವರಿಗೆ ಲೆಕ್ಕವಿರಲಿಲ್ಲ. ಕೊನೆಗೊಂದು ದಿನ ಮೇಧಾ ಬಾಗಿಲಲ್ಲಿ ನಿಂತು, “ಎನ್ನ ಹತ್ರ ಇನ್ನು ಯಾರೂ ಎಂತೂ ಕೇಳಡಿ” ಎಂದಿದ್ದಳು. ಅಮ್ಮನನ್ನೂ ಸೇರಿಸಿಯೇ.

ಹಾಯಿ ಬಿಚ್ಚಿಕೊಂಡಿತು. ಗಾಳಿ ತುಂಬಿದ್ದೇ ದೋಣಿ ಒಂದು ಮಗ್ಗುಲಿಗೆ ವಾಲಿ ಸರಸರನೆ ಹೊರಟಿತು. ಪ್ರಜ್ವಲ್ ಮೊಬೈಲು ಎತ್ತಿ ಹಿಡಿದ. ಹಿನ್ನೀರು ಇಳಿದ ಕಡೆಯಲ್ಲೆಲ್ಲ ಸತ್ತ ಮರಗಳ ಕರಿ ಬೊಡ್ಡೆಗಳು ತಲೆಯೆತ್ತಿದ್ದವು. ಕಾಣುವ ಬೊಡ್ಡೆಗಳನ್ನು ತಿಮ್ಮಣ್ಣ ತಪ್ಪಿಸಿಯಾನು, ಕಾಣದವನ್ನು? ವನಮಾಲಾ ಡಿಗ್ರಿ ಓದಿದವಳು. ಗಾಳಿಗೂ ಬಸುರಿಗೂ ಏನು ಸಂಬಂಧ ಎಂದು ತನಗೇ ಹೇಳಿಕೊಂಡಳು. ಅಷ್ಟರಲ್ಲಿ ಗಾಳಿ ಮತ್ತೊಮ್ಮೆ ನೂಕಿತು. ಮೇಧಾಳ ತುಟಿ ಬಿಳುಪೇರಿತು. ಅವಳು ಬಾಯಿ ತೆರೆದಳು, ಗಂಡನ ಕಡೆ ನೋಡಿ ಮುಚ್ಚಿಕೊಂಡಳು.

“ತಿಮ್ಮಣ್ಣ, ಹಾಯಿ ಇಳಿಸಪ್ಪ” ಎಂದಳು ವನಮಾಲಾ. “ನಂಗೆ ತಲೆ ತಿರುಗ್ತಾ ಇದೆ.”

“ಅತ್ತೆ, ಜೋಕಾಲಿ ನೋಡಿದ್ರೂ ನಿಂಗಳ ತಲೆ ತಿರುಗ್ತು” ಎಂದ ಪ್ರಜ್ವಲ್ ಮನೆಮಾತಿನಲ್ಲಿ. “ಹಾಯಿ ನೋಡಲೇ ಬಂದಿದ್ದು ಎಂಗೊ.”

“ನೋಡಿ ಆತಲ. ಎಂಗೆ ವಯಸ್ಸಾತು ಮಾರಾಯ, ಎಂತ ಮಾಡದು?” ವನಮಾಲಾ ಹಣೆಗೆ ಸೆರಗು ಒತ್ತಿಕೊಂಡಳು. “ಕೂಸೇ, ಈಚೆ ಬಾ. ಎನ್ನ ಹಿಡ್ಕಂಡು ಕೂತ್ಗ.”

ಮೇಧಾ ಹಲಗೆಯ ಮೇಲೆ ಮೆಲ್ಲನೆ ಜರುಗಿ ಬಂದು ಅಮ್ಮನ ತೋಳು ಹಿಡಿದಳು. ಕೈ ತಣ್ಣಗಿತ್ತು. ಅಮ್ಮನ ಮುಖವನ್ನು ಅವಳು ನೋಡಲಿಲ್ಲ, ತೋಳನ್ನು ಬಿಡಲೂ ಇಲ್ಲ.

ಹಾಯಿ ಇಳಿಯಿತು. ದೋಣಿ ನೆಟ್ಟಗಾಗಿ ನೀರಿನ ಮೇಲೆ ಸುಮ್ಮನೆ ನಿಂತಿತು. ತಿಮ್ಮಣ್ಣ ಹಾಯಿಬಟ್ಟೆಯನ್ನು ದಿಂಬಿನಂತೆ ಸುತ್ತಿದ. ತಲೆ ತಿರುಗುತ್ತದೆ ಎಂದವಳನ್ನು ದಾಟಿ ಹೋಗಿ, ಮೇಧಾಳ ಬೆನ್ನಿಗೆ ಅದನ್ನು ಒತ್ತಾಗಿ ಇಟ್ಟು, ಹುಟ್ಟಿಗೆ ಕೈ ಹಾಕಿದ.