ಮೂರನೇ ಎಂಜಿನ್ನಿನ ಸ್ಪ್ಯಾನರ್

ಹಾರಲಾಗದ ವಿಮಾನವೊಂದು ನೆಲದ ಮೇಲೆ ಮುಕ್ಕಾಲು ಮೈಲಿ ಉರುಳಿ ಹೋಗಿ ತಿರುಗಿ ಬರುವುದನ್ನು ನೋಡಲು ಮೂರು ಸಾವಿರ ಜನ ಸೇರುತ್ತಾರೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ ಬಿಡಿ. ಲಿಂಕನ್‌ಶೈರಿನಲ್ಲಿ ಯಾರೂ ನಗುವುದಿಲ್ಲ. ಆಗಸ್ಟಿನ ಕೊನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಹಳೆಯ ವಾಯುನೆಲೆಯ ಬೇಲಿಯುದ್ದಕ್ಕೂ ಮಡಚುವ ಕುರ್ಚಿಗಳು, ಚಹಾದ ಫ್ಲಾಸ್ಕುಗಳು, ಕ್ಯಾಮೆರಾದವರು ಹತ್ತಿ ನಿಲ್ಲುವ ಪುಟ್ಟ ಏಣಿಗಳು. ಮಳೆ ಬಂದರೆ ಟೋಪಿ ಎಳೆದುಕೊಳ್ಳುತ್ತಾರೆಯೇ ಹೊರತು ಯಾರೂ ಜಾಗ ಬಿಟ್ಟು ಕದಲುವುದಿಲ್ಲ.

ಅವರು ಕಾಯುವುದು ಗ್ಲಾಡಿಸ್‌ಗಾಗಿ. ಗ್ಲಾಡಿಸ್ ಅಂದರೆ ನಾಲ್ಕು ಎಂಜಿನ್ನಿನ ಒಂದು ಹಳೇ ಶ್ಯಾಕಲ್ಟನ್ ವಿಮಾನ. ಒಂದು ಕಾಲಕ್ಕೆ ಹದಿನೈದು ಗಂಟೆ ಒಂದೇ ಸಮನೆ ಸಮುದ್ರದ ಮೇಲೆ ಸುತ್ತುತ್ತ ಶತ್ರುಗಳ ಜಲಾಂತರ್ಗಾಮಿ ಹುಡುಕುತ್ತಿದ್ದವಳು. ಈಗ ಮುದುಕಿ. ಅವಳನ್ನು ನೋಡಿಕೊಳ್ಳುವವರೂ ಮುದುಕರೇ. ಸಂಬಳವಿಲ್ಲದೆ ಗುರುವಾರ, ಶನಿವಾರ ಬಂದು ಮೈಯೆಲ್ಲ ಎಣ್ಣೆ ಮಾಡಿಕೊಂಡು ಹೋಗುತ್ತಾರೆ. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಲು ಹತ್ತು ಸಲ ಹೇಳಿಸಿಕೊಳ್ಳುವ ಗಂಡಸರೇ ಇಲ್ಲಿ ಒಂದೊಂದು ತಿರುಪನ್ನೂ ಒರೆಸಿ ಒರೆಸಿ ಹಾಕುತ್ತಾರೆ.

ಹೆಡ್ಲಿ ಸ್ನೀತ್ ಮತ್ತು ವರ್ನನ್ ಮಾಲ್ಟ್‌ಬಿ ಅಂಥ ಇಬ್ಬರು. ಇಬ್ಬರಿಗೂ ಎಪ್ಪತ್ತನಾಲ್ಕು. ಇಪ್ಪತ್ತರ ಹರೆಯದಲ್ಲಿ ಸ್ಕಾಟ್ಲೆಂಡಿನ ವಾಯುನೆಲೆಯಲ್ಲಿ ಒಂದೇ ಕೋಣೆಯಲ್ಲಿದ್ದು, ಇಂಥವೇ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವರು. ವರ್ನನ್‌ನ ಹೆಂಡತಿ ಐವಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಅವನಿಗೆ ಮರೆವು ಶುರುವಾಯಿತು. ಮೊದಮೊದಲು ಹೆಸರುಗಳು, ಆಮೇಲೆ ದಾರಿಗಳು. ಹೆಡ್ಲಿಯೇ ಅವನನ್ನು ಕಾರಿನಲ್ಲಿ ಕರೆತರುತ್ತಿದ್ದ. ಎಂಜಿನ್ನಿನ ಮುಂದೆ ನಿಂತರೆ ಮಾತ್ರ ವರ್ನನ್‌ನ ಕೈಗೆ ಎಲ್ಲವೂ ನೆನಪಿರುತ್ತಿತ್ತು. ಮೂರನೇ ಎಂಜಿನ್ ಅವನದ್ದು, ಬೇರೆಯವರು ಮುಟ್ಟಿದರೆ ಮುಖ ಊದಿಸುತ್ತಿದ್ದ.

"ಇದೂ ಹೋದ್ರೆ ನಾನು ಬೆಳಿಗ್ಗೆ ಯಾಕೆ ಏಳ್ಬೇಕೋ?" ಎಂದು ಒಂದು ದಿನ ಕಾರಿನಲ್ಲಿ ಕೇಳಿದ್ದ. ಹೆಡ್ಲಿ ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ, ಇವನನ್ನು ಗ್ಲಾಡಿಸ್‌ಳ ಕೆಲಸದಿಂದ ಕಳಿಸಲು ಬಿಡುವುದಿಲ್ಲ ಎಂದು.

ವಿಮಾನ ನಿಲ್ಲಿಸುವ ಹ್ಯಾಂಗರಿನ ಗೋಡೆಯ ಮೇಲೆ ಒಂದು ದೊಡ್ಡ ಹಲಗೆಯಿದೆ. ಅದರ ಮೇಲೆ ಪ್ರತಿಯೊಂದು ಉಪಕರಣದ ಆಕಾರ ಕಪ್ಪು ಬಣ್ಣದಲ್ಲಿ ಬರೆದಿದೆ. ಸ್ಪ್ಯಾನರ್ ತೆಗೆದುಕೊಂಡವನು ಅದು ತೂಗುತ್ತಿದ್ದ ಮೊಳೆಗೆ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು. ಸಂಜೆ ಒಂದೇ ಒಂದು ಕಪ್ಪು ಆಕಾರ ಖಾಲಿಯಿದ್ದರೂ ವಿಮಾನವನ್ನು ಯಾರೂ ಅಲುಗಾಡಿಸುವಂತಿಲ್ಲ. ಎಂಜಿನ್ನಿನೊಳಗೆ ಬಿಟ್ಟ ಒಂದು ಸ್ಪ್ಯಾನರ್ ಏನು ಮಾಡಬಲ್ಲದು ಎಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆ ವರ್ಷ ಬೇಸಿಗೆಯಲ್ಲಿ ವರ್ನನ್‌ನ ಏಳನೇ ನಂಬರಿನ ಬಿಲ್ಲೆ ಮೂರು ಸಲ ಸಂಜೆಯಾದರೂ ಹಲಗೆಯ ಮೇಲೆಯೇ ಉಳಿದಿತ್ತು. ಮೂರು ಸಲವೂ ಕಾಣೆಯಾದ ಸ್ಪ್ಯಾನರನ್ನು ಹೆಡ್ಲಿ ಯಾರಿಗೂ ಕಾಣದಂತೆ ಹುಡುಕಿ ತಂದಿಟ್ಟ. ಒಮ್ಮೆ ವರ್ನನ್‌ನ ಕೋಟಿನ ಜೇಬಿನಲ್ಲಿತ್ತು, ಒಮ್ಮೆ ಊಟದ ಡಬ್ಬಿಯಲ್ಲಿ, ಇನ್ನೊಮ್ಮೆ ಕಾರಿನ ಸೀಟಿನ ಕೆಳಗೆ.

ನಾಲ್ಕನೆಯದು ಪ್ರದರ್ಶನದ ಹಿಂದಿನ ಗುರುವಾರ. ಅರ್ಧ ಇಂಚಿನ ಸ್ಪ್ಯಾನರ್ ಇರಲಿಲ್ಲ. ಜೇಬಿನಲ್ಲೂ ಇಲ್ಲ, ಡಬ್ಬಿಯಲ್ಲೂ ಇಲ್ಲ. ಎಂಜಿನ್ನುಗಳ ಮುಚ್ಚಳಗಳೆಲ್ಲ ಬಿಗಿಯಾಗಿದ್ದವು. ಮುಖ್ಯಸ್ಥೆ ಗ್ವೆಂಡಾ ಹಲಗೆ ನೋಡಿ ಸಹಿ ಹಾಕಲು ಬರುವ ಹೊತ್ತು. ಹೆಡ್ಲಿ ತನ್ನ ಕಾರಿನಿಂದ ಸ್ವಂತದ ಅರ್ಧ ಇಂಚಿನ ಸ್ಪ್ಯಾನರ್ ತಂದು ಮೊಳೆಗೆ ಸಿಕ್ಕಿಸಿದ, ಏಳನೇ ನಂಬರಿನ ಬಿಲ್ಲೆ ತೆಗೆದ. ಗ್ವೆಂಡಾ ಬಂದಳು, ಕಣ್ಣಾಡಿಸಿದಳು, ಸಹಿ ಹಾಕಿದಳು. ನಲವತ್ತು ವರ್ಷದ ಕೆಲಸದಲ್ಲಿ ಹೆಡ್ಲಿ ಹಲಗೆಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಸಹಿಯಾದ ಮೇಲೆ ಪ್ರದರ್ಶನದವರೆಗೆ ವಿಮಾನವನ್ನು ಯಾರೂ ಮುಟ್ಟುವಂತಿಲ್ಲ, ಶನಿವಾರವೂ ಕೆಲಸವಿರಲಿಲ್ಲ. ಶುಕ್ರವಾರ, ಶನಿವಾರ ಎರಡು ದಿನವೂ ಅವನು ವರ್ನನ್‌ನ ಮನೆ ಜಾಲಾಡಿದ. ಅಡಿಗೆಮನೆಯ ಡ್ರಾಯರುಗಳನ್ನು ಎಳೆದು ನೋಡಿದ, ಐವಿಯ ಹೊಲಿಗೆ ಪೆಟ್ಟಿಗೆಯನ್ನೂ ಬಿಡಲಿಲ್ಲ.

"ಏನೋ ಹುಡುಕ್ತಿದೀಯ?" ಎಂದ ವರ್ನನ್, ಕೈಯಲ್ಲಿ ಚಹಾ ಹಿಡಿದು.

"ಏನಿಲ್ಲ ಕಣೋ, ಸುಮ್ನೆ."

"ಸುಮ್ನೆ ಯಾರಾದ್ರೂ ಹೆಂಗಸರ ಸೂಜಿದಾರ ತೆಗೀತಾರಾ?" ವರ್ನನ್ ಅವನನ್ನೇ ಒಂದು ಕ್ಷಣ ನೋಡಿದ.

ಮನೆಯಲ್ಲೇ ಎಲ್ಲೋ ಬಿದ್ದಿರುತ್ತದೆ ಎಂದು ಹೆಡ್ಲಿ ತನಗೆ ತಾನೇ ಹೇಳಿಕೊಂಡ. ಮೂರು ಸಲವೂ ಎಂಜಿನ್ನಿನಿಂದ ಹೊರಗೇ ಸಿಕ್ಕಿತ್ತಲ್ಲ. ಬಾಯಿಬಿಟ್ಟರೆ ವರ್ನನ್‌ನ ಕತೆ ಅಲ್ಲಿಗೆ ಮುಗಿಯುತ್ತದೆ. ಹೀಗೆ ಹೇಳಿಕೊಂಡವನಿಗೆ ಎರಡು ರಾತ್ರಿಯೂ ಕಣ್ಣು ಹತ್ತಲಿಲ್ಲ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಗ್ಲಾಡಿಸ್ ಹೊರಗೆ ಬಂದು ನಿಂತಿದ್ದಳು. ಎಂಜಿನ್ ಶುರು ಮಾಡುವಾಗ ಮುಂದೆ ನಿಂತು ಕೈಸನ್ನೆ ಮಾಡುವುದು ಹೆಡ್ಲಿಯ ಕೆಲಸ. ಗ್ವೆಂಡಾ ಮೇಲೆ ಪೈಲಟ್‌ನ ಪಕ್ಕ ಕೂತಿದ್ದಳು. ವರ್ನನ್ ರೆಕ್ಕೆಯ ಕೆಳಗೆ, ಚಕ್ರದ ಹತ್ತಿರ, ಕೈಯಲ್ಲಿ ಪೆನ್ಸಿಲ್ಲು ಹಿಡಿದು ಏನೋ ಗುರುತು ಹಾಕಿಕೊಳ್ಳುತ್ತಿದ್ದ. ಬೂಟಿನ ದಾರ ಬಿಚ್ಚಿತ್ತು. ಪೆನ್ಸಿಲನ್ನು ಚಕ್ರದ ಮೇಲಿನ ಸಣ್ಣ ಅಂಚಿನ ಮೇಲಿಟ್ಟ, ಬಗ್ಗಿ ದಾರ ಕಟ್ಟಿದ, ಎದ್ದ, ಕೈ ಒರೆಸಿಕೊಂಡ, ಹಿಂದೆ ತಿರುಗಿ ನೋಡದೆ ತನ್ನ ಜಾಗಕ್ಕೆ ಹೋಗಿ ನಿಂತ. ಪೆನ್ಸಿಲ್ಲು ಅಲ್ಲೇ ಉಳಿಯಿತು.

ಹೆಡ್ಲಿ ಆ ಪೆನ್ಸಿಲ್ಲನ್ನೇ ನೋಡಿದ. ಸ್ಪ್ಯಾನರ್ ಮನೆಗೆ ಹೋಗಿಯೇ ಇರಲಿಲ್ಲ. ಈ ಪೆನ್ಸಿಲ್ಲಿನ ಹಾಗೆ ಅದು ಎಲ್ಲಿ ಉಳಿದಿದೆ ಎಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು.

ಅಷ್ಟರಲ್ಲಿ ನಾಲ್ಕನೇ ಎಂಜಿನ್ ಕೆಮ್ಮಿ, ನೀಲಿ ಹೊಗೆ ಕಾರಿ, ಶುರುವಾಯಿತು. ಬೇಲಿಯಾಚೆಯಿಂದ ಕೇಕೆ ಎದ್ದಿತು. ಪೈಲಟ್ ಮೂರು ಬೆರಳು ತೋರಿಸಿದ, ಮುಂದಿನದು ಮೂರನೆಯದು ಎಂದು. ಹೆಡ್ಲಿ ವರ್ನನ್‌ನ ಕಡೆ ನೋಡಿದ. ಅವನ ಮುಖ ಮದುಮಗನ ಮುಖದ ಹಾಗೆ ಹೊಳೆಯುತ್ತಿತ್ತು. ಹೆಡ್ಲಿ ಎರಡೂ ತೋಳು ತಲೆಯ ಮೇಲೆತ್ತಿ ಅಡ್ಡಡ್ಡ ಹಿಡಿದ. ನಿಲ್ಲಿಸು. ಪೈಲಟ್‌ಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಮತ್ತೆ ಹಿಡಿದ. ನಾಲ್ಕನೇ ಎಂಜಿನ್ನಿನ ಜೋಡಿ ಪ್ರೊಪೆಲ್ಲರುಗಳು ನಿಧಾನವಾಗಿ ನಿಂತವು.

ಗ್ವೆಂಡಾ ಇಳಿದು ಬಂದಳು. ಅವಳನ್ನು ಹ್ಯಾಂಗರಿನ ಮೂಲೆಗೆ ಕರೆದೊಯ್ದು ಹೆಡ್ಲಿ ಎಲ್ಲವನ್ನೂ ಹೇಳಿದ, ಮೂರು ಸಲದ್ದು, ನಾಲ್ಕನೆಯದ್ದು, ಹಲಗೆಯದ್ದು. ಅವಳು ಹೋಗಿ ಮೂರನೇ ಎಂಜಿನ್ನಿನ ಮುಚ್ಚಳ ಬಿಚ್ಚಿಸಿದಳು. ಧ್ವನಿವರ್ಧಕದಲ್ಲಿ ಯಾರೋ, ತಾಂತ್ರಿಕ ತೊಂದರೆ, ಇವತ್ತು ವಿಮಾನ ಓಡುವುದಿಲ್ಲ, ಕ್ಷಮಿಸಿ ಎಂದರು. ಜನ ಕುರ್ಚಿ ಮಡಚತೊಡಗಿದರು.

ಸ್ಪ್ಯಾನರ್ ಒಳಗಿನ ಒಂದು ಅಂಚಿನ ಮೇಲೆ ತಣ್ಣಗೆ ಕೂತಿತ್ತು, ವೇಗ ಏರಿಸಿ ಇಳಿಸುವ ಸರಳಿನ ಪಕ್ಕದಲ್ಲೇ.

"ಇದು ಅಲುಗಾಡಿ ಆ ಸರಳಿಗೆ ಸಿಕ್ಕಿಕೊಂಡಿದ್ರೆ ಏರಿಸಿದ ಎಂಜಿನ್ ಇಳೀತಾನೇ ಇರ್ಲಿಲ್ಲ," ಎಂದಳು ಗ್ವೆಂಡಾ, ಸ್ಪ್ಯಾನರ್ ಹಿಡಿದು ಹ್ಯಾಂಗರಿಗೆ ತಿರುಗಿ ಬಂದು. "ಒಂದೇ ಕಡೆ ಎಳ್ಕೊಂಡು ಎಲ್ಲಿಗೆ ಹೋಗ್ತಿತ್ತು ಗೊತ್ತಾ? ಅಲ್ಲಿಗೆ." ಬೇಲಿಯ ಕಡೆ ಕೈ ತೋರಿಸಿದಳು.

"ಗೊತ್ತು."

"ವರ್ನನ್‌ಗೆ ಕಾಯಿಲೆ, ಹೆಡ್ಲಿ. ನಿಮಗೆ ಕಾಯಿಲೆ ಅಲ್ಲ. ನೀವು ಗೊತ್ತಿದ್ದೂ ಮಾಡಿದ್ರಿ." ಅವಳು ಹೊರಗೆ ನಿಂತಿದ್ದ ಗ್ಲಾಡಿಸ್‌ಳ ಕಡೆ ತಿರುಗಿದಳು. "ಇಬ್ಬರೂ ಇನ್ನು ಇವಳನ್ನ ಮುಟ್ಟೋ ಹಾಗಿಲ್ಲ. ವರ್ನನ್‌ಗೆ ನಾನು ಹೇಳ್ಲಾ?"

"ನಾನೇ ಹೇಳ್ತೀನಿ," ಎಂದ ಹೆಡ್ಲಿ. ಹೇಗೆ ಹೇಳುವುದೆಂದು ಅವನಿಗೆ ತಿಳಿದಿರಲಿಲ್ಲ. ನಿನ್ನ ಕೈಯಿಂದ ಜನ ಸಾಯುತ್ತಿದ್ದರು ಎನ್ನಬೇಕೇ, ಇನ್ನು ಬೆಳಿಗ್ಗೆ ಏಳಬೇಡ ಎನ್ನಬೇಕೇ?

ಹೇಳುವ ಮೊದಲೇ ವರ್ನನ್ ಬಂದ. ಗ್ವೆಂಡಾಳ ಕೈಯಲ್ಲಿದ್ದ ಸ್ಪ್ಯಾನರ್ ನೋಡಿದ, ಹೆಡ್ಲಿಯ ಮುಖ ನೋಡಿದ. ಅವಳ ತೋಳು ಹಿಡಿದು ಎರಡು ಹೆಜ್ಜೆ ಆಚೆ ಕರೆದೊಯ್ದ. ಕಿವಿ ಮಂದವಾದವನು, ಅವನು ಪಿಸುಗುಟ್ಟಿದ್ದು ಇಡೀ ಹ್ಯಾಂಗರಿಗೆ ಕೇಳಿಸಿತು.

"ಅವನನ್ನ ಬಯ್ಯಬೇಡ ಕಣಮ್ಮ. ಈಚೆಗೆ ಅವನಿಗೆ ಮರೆವು ಜಾಸ್ತಿ. ನಾನು ನೋಡ್ತಾನೇ ಇದೀನಿ. ನಮ್ಮನೆಗೆ ಬಂದು ಡ್ರಾಯರೆಲ್ಲ ಎಳೆದು ಏನೋ ಹುಡುಕ್ತಾನೆ. ಏನು ಅಂತ ಕೇಳಿದ್ರೆ ಅವನಿಗೇ ಗೊತ್ತಿಲ್ಲ, ಪಾಪ. ಐವಿ ಹೊಲಿಗೆ ಪೆಟ್ಟಿಗೇನೂ ಬಿಡ್ಲಿಲ್ಲ."

ಗ್ವೆಂಡಾ ಹೆಡ್ಲಿಯ ಕಡೆ ನೋಡಿದಳು. ಹೆಡ್ಲಿ ತಲೆ ತಗ್ಗಿಸಿದ.

"ನಾನು ಯಾರಿಗೂ ಹೇಳಿರ್ಲಿಲ್ಲ," ವರ್ನನ್ ಮುಂದುವರಿಸಿದ. "ಇದು ಬಿಟ್ರೆ ಅವನಿಗೆ ಬೇರೆ ಏನಿದೆ ಹೇಳು? ಅವನನ್ನ ಕಳಿಸೋದೇ ಆದ್ರೆ ನಾನೂ ಹೊರಟೆ. ಐವತ್ತು ವರ್ಷ ಜೊತೇಲಿದ್ದು ಇವತ್ತು ಅವನೊಬ್ಬನ್ನ ಬಿಡಕ್ಕಾಗಲ್ಲ."

ಹೆಡ್ಲಿ ತಲೆ ಎತ್ತಿದ.

"ಹೌದು ಕಣೋ. ನಾನೇ ಮರೆತೆ. ನನ್ನನ್ನ ಕಳಿಸ್ತಿದ್ದಾರೆ."

"ಹಾಗಾದ್ರೆ ನಡಿ," ಎಂದ ವರ್ನನ್. ಮೇಲಂಗಿ ಬಿಚ್ಚಿ ಬೆಂಚಿನ ಮೇಲೆ ಹಾಕಿದ. ತಲೆ ಎತ್ತಿಕೊಂಡು, ಹೆಡ್ಲಿಯ ಹೆಗಲ ಮೇಲೆ ಕೈಯಿಟ್ಟು ನಡೆಸಿಕೊಂಡು ಹೊರಗೆ ಹೋದ. ಬಾಗಿಲಲ್ಲಿ ನಿಂತಿದ್ದವರು ದಾರಿ ಬಿಟ್ಟರು. ಗ್ವೆಂಡಾ ಗೋಡೆಯ ಕಡೆ ತಿರುಗಿ ಅತ್ತಳು.

ಕಾರಿನಲ್ಲಿ ವರ್ನನ್ ಹೇಳಿದ, "ತಲೆ ಕೆಡಿಸ್ಕೋಬೇಡ. ಯಾರಿಗೂ ಆಗಬಹುದು." ಹೆಡ್ಲಿ ರಸ್ತೆ ಸರಿಯಾಗಿ ಕಾಣದೆ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಅದನ್ನೂ ವರ್ನನ್ ಮರೆವಿನ ಲೆಕ್ಕಕ್ಕೇ ಹಾಕಿಕೊಂಡ.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಹೆಡ್ಲಿಯ ಫೋನು ರಿಂಗಾಯಿತು.

"ಎಲ್ಲೋ ಹಾಳಾಗಿ ಹೋದೆ? ಬೂಟು ಹಾಕ್ಕೊಂಡು ಅರ್ಧ ಗಂಟೆಯಿಂದ ಬಾಗಿಲಲ್ಲಿ ನಿಂತಿದೀನಿ. ಗ್ಲಾಡಿಸ್ ಕಾಯ್ತಿರ್ತಾಳೆ."

ಹೆಡ್ಲಿ ಕುರ್ಚಿಯಲ್ಲಿ ಕೂತುಕೊಂಡ. ನಾವು ಇನ್ನು ಹೋಗುವ ಹಾಗಿಲ್ಲ ಎಂದ. ಯಾಕೆ ಎಂದು ವರ್ನನ್ ಕೇಳಿದ. ನಾನು ಎಂಜಿನ್ನಿನಲ್ಲಿ ಸ್ಪ್ಯಾನರ್ ಬಿಟ್ಟೆ, ನನ್ನನ್ನು ಕಳಿಸಿದರು, ನೀನು ನನ್ನ ಜೊತೆ ಬಂದೆ ಎಂದು ಹೆಡ್ಲಿ ಮೊದಲಿನಿಂದ ಹೇಳಿದ.

"ನಾನು ಬಂದ್ನಾ ನಿನ್ನ ಜೊತೆ?"

"ಬಂದೆ."

"ಒಳ್ಳೇದು ಮಾಡ್ದೆ. ನೀನು ಒಬ್ನೇ ಕೂತು ಅಳಬೇಡ. ಬಾ ಇಲ್ಲಿಗೆ, ಮೊಟ್ಟೆ ಹುರಿದುಕೊಡ್ತೀನಿ," ಎಂದ.

ಹೆಡ್ಲಿ ಹೋದ. ಶನಿವಾರ ಎಂಟೂವರೆಗೆ ಮತ್ತೆ ಫೋನು ಬಂತು, ಹೆಡ್ಲಿ ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿದ. ಮುಂದಿನ ಗುರುವಾರವೂ ಹೇಳಿದ. ಸ್ಪ್ಯಾನರ್ ಬಿಟ್ಟವನು ನಾನೇ ಎಂದು ಅವನು ಹೇಳಿದಾಗಲೆಲ್ಲ ವರ್ನನ್ ಹೊಸದಾಗಿ ಕೇಳಿದವನಂತೆ ನೊಂದುಕೊಳ್ಳುತ್ತಾನೆ, ಗೆಳೆಯನನ್ನು ಸಮಾಧಾನ ಮಾಡುತ್ತಾನೆ, ಒಲೆಯ ಮೇಲೆ ಬಾಣಲೆ ಇಡುತ್ತಾನೆ.