ವಾಲಿದ ಕಲ್ಲುಗಳು

ಹಾರೆ ಠಣ್ಣೆಂದಿತು. ಗುಂಡಿಯೊಳಗಿದ್ದ ಅಪ್ಪ ಗೊಣಗುತ್ತಾ ತಲೆಯೆತ್ತಿದ. "ಬುಟ್ಟಿ ಇಳಿಬಿಡೇ. ಕಲ್ಲು ಸಿಕ್ತು."

"ನಾಲ್ಕೂವರೆ ಅಡಿಗೇನಾ?" ಮೇಲೆ ನಿಂತಿದ್ದ ಮಗಳು ಬಗ್ಗಿ ನೋಡಿದಳು.

ಮಣ್ಣಿನ ವಿಷಯ ಬಿಟ್ಟರೆ ಅವಳು ಬಾಯಿ ತೆರೆಯುವುದೇ ಅಪರೂಪ. ಊರವರು ಮೂಗಿ ಎಂದೇ ಕರೆಯುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟವಳು ಸ್ಮಶಾನದಲ್ಲಿ ಅಪ್ಪನ ಜೊತೆ ಮಣ್ಣಿನ ಬುಟ್ಟಿ ಎಳೆಯುತ್ತಿದ್ದಳು; ಈಗ ಅವಳಿಗೆ ಹದಿನೇಳು ವರ್ಷ.

ಇಂದಿನ ಗುಂಡಿ ಚೀಟಿಯಕ್ಕನಿಗೆ. ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕಲ್ಲುಗಳ ಕೋಣೆ ಗುಡಿಸಲು ಸೇರಿದವರು. ಮೂವತ್ತೊಂದು ವರ್ಷದಲ್ಲಿ ಅಲ್ಲಿನ ಒಂದೊಂದು ಕಲ್ಲಿಗೂ ಹೆಸರು, ಸಿಕ್ಕ ಜಾಗ ಬರೆದು ಚೀಟಿ ಅಂಟಿಸಿದ್ದರು. ಅವರ ಶವದ ಪೆಟ್ಟಿಗೆ ಆಗಲೇ ಬಂದು ಮರದಡಿಯ ಬೆಂಚಿನ ಮೇಲಿತ್ತು.

"ಮನೇಲೂ ಅದೇ ಕತೆ," ಎನ್ನುತ್ತಿದ್ದ ಅವರ ತಮ್ಮ, ದರ್ಜಿ. "ಉಪ್ಪಿನ ಡಬ್ಬಕ್ಕೊಂದು ಚೀಟಿ, ಸಕ್ಕರೆ ಡಬ್ಬಕ್ಕೊಂದು. ಒಂದ್ಸಲ ಅದಲುಬದಲು ಅಂಟಿಸಿ, ಚೀಟೀನೇ ನಂಬ್ಕೊಂಡು ಉಪ್ಪಿನ ಚಹಾ ಕುಡಿದ್ಲು ನಮ್ಮಕ್ಕ."

ಅತ್ತು ಕಣ್ಣು ಕೆಂಪಾಗಿದ್ದ ಕಾಲೇಜು ಹುಡುಗಿಯರು ನಕ್ಕುಬಿಟ್ಟರು.

ವಿಭಾಗದ ಮೇಡಂ ಒಂದು ಕಾಗದ ಹಿಡಿದು ಗುಂಡಿಯ ಬಳಿ ಬಂದರು. "ಯಜಮಾನ್ರೇ, ಶಾಲೆ ಬಿಟ್ಟ ಮಕ್ಕಳಿಗೆ ನಮ್ಮಲ್ಲಿ ಒಂದು ವರ್ಷದ ತರಗತಿ ಶುರುವಾಗ್ತಿದೆ. ಅಕ್ಕ ಆಸ್ಪತ್ರೆಯಿಂದಲೇ ನಿಮ್ಮ ಮಗಳ ಹೆಸರು ಬರೆಸಿದ್ರು. ಇವತ್ತೇ ಕೊನೇ ದಿನ. ನಿಮ್ಮ ರುಜು ಬೇಕು."

"ಬೇಡ ಮೇಡಮ್ಮೋರೇ. ಹೆಣದ ಮಣ್ಣು ಮೆತ್ಕೊಂಡಿದೆ ಅಂತ ಶಾಲೇಲಿ ಇವಳ ಪಕ್ಕ ಯಾರೂ ಕೂರಲಿಲ್ಲ. ಅಲ್ಲೂ ನಾಲ್ಕು ಜನ ನಕ್ಕರೆ ಇವಳು ಬಾಯಿ ಬಿಡ್ತಾಳಾ? ಅಳ್ತಾ ಮನೆಗೆ ಬರ್ತಾಳೆ, ಅಷ್ಟೇ."

ಮೂಗಿ ಕಾಗದವನ್ನೇ ನೋಡುತ್ತಿದ್ದಳು. ತನಗೆ ಬೇಕು ಎನ್ನಲು ನಾಲಿಗೆ ಏಳಲಿಲ್ಲ.

*

ನಾಲ್ಕು ವರ್ಷದ ಹಿಂದೆ ತಮ್ಮ ತಾಯಿಯನ್ನು ಮಣ್ಣು ಮಾಡಲು ಬಂದಿದ್ದ ಚೀಟಿಯಕ್ಕ, ಎಲ್ಲರೂ ಹೋದ ಮೇಲೂ ನಿಂತಿದ್ದರು. ಮೂಗಿ ಒಂದು ಗುಂಡುಕಲ್ಲನ್ನು ಲಂಗಕ್ಕೆ ಒರೆಸಿ ನೋಡುತ್ತಿದ್ದಳು.

"ಎಷ್ಟು ಆಳದಲ್ಲಿ ಸಿಕ್ತು ಮರಿ?"

"ಐದಡಿ."

"ಬೇರೆ ಗುಂಡೀಲೂ ಸಿಗುತ್ತಾ?"

"ಬಾವಿ ಹತ್ರ ಮೂರಡಿಗೇ ಸಿಗುತ್ತೆ. ಗೇಟಿನ ಕಡೆ ಆರಡಿ ಹೋದ್ರೂ ಇಲ್ಲ."

ಚೀಟಿಯಕ್ಕ ಅಲ್ಲೇ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತರು. "ನಮ್ಮ ಮೇಷ್ಟ್ರುಗಳು ಊರೆಲ್ಲ ಅಗೆದು ನೋಡಿದ್ದಾರೆ. ಇಲ್ಲಿ ಅಗೆಯೋಕೆ ಅವರನ್ನ ಯಾರು ಬಿಡ್ತಾರೆ? ಇದನ್ನ ನೋಡಿರೋಳು ನೀನೊಬ್ಬಳೇ ಕಣೇ."

ಆಮೇಲೆ ಪ್ರತಿ ಶನಿವಾರ ಮೂಗಿ ಕಲ್ಲುಗಳ ಕೋಣೆಗೆ ಹೋಗತೊಡಗಿದಳು. ಏನು ಕೇಳಿದರೂ ಚೀಟಿಯಕ್ಕ ಉತ್ತರ ಹೇಳುತ್ತಿರಲಿಲ್ಲ. "ನಾನು ಹೇಳಿದ್ರೆ ನನ್ನ ಮಾತಾಗುತ್ತೆ. ನೀನೇ ನೋಡಿ ಹೇಳು," ಎನ್ನುತ್ತಿದ್ದರು.

*

"ಯಾರೋ ಮನೆ ಕಟ್ಟಿ ಮಿಕ್ಕಿದ ಕಲ್ಲು ಸುರಿದಿದ್ದಾರೆ," ಎಂದು ಅಪ್ಪ ಹಾರೆ ಎತ್ತಿದ.

"ಕೀಳಬೇಡಪ್ಪಾ!"

ತನ್ನ ದನಿಗೆ ಅವಳೇ ಬೆಚ್ಚಿದಳು. ಜನರೆಲ್ಲ ತಿರುಗಿದರು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಗುಂಡಿಗೆ ಜಾರಿ ಇಳಿದು, ಅದರ ಮಣ್ಣುಗೋಡೆಯಲ್ಲಿ ಕಾಣುತ್ತಿದ್ದ ಕಲ್ಲುಗಳ ಮೇಲೆ ಕೈಯಿಟ್ಟಳು.

"ಸುರಿದಿದ್ರೆ ಅಡ್ಡಾದಿಡ್ಡಿ ಬಿದ್ದಿರಬೇಕಿತ್ತು. ಈ ಚಪ್ಪಟೆ ಕಲ್ಲುಗಳು ನೋಡು, ಒಂದಕ್ಕೊಂದು ಒರಗಿವೆ. ತಲೆಯೆಲ್ಲ ಗೇಟಿನ ಕಡೆಗೇ. ನೀರು ತಳ್ಳಿರೋದು ಇವನ್ನ."

ಮೇಲೆ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಅಪ್ಪ ಮಗಳ ಮುಖ ನೋಡಿದ.

"ಎಲ್ಲಾನೂ ಅದೇ ಕಡೆಗಾ?" ಎಂದರು ಮೇಡಂ.

ಮೂಗಿ ಬೆರಳಿಟ್ಟು ಎಣಿಸಿದಳು. "ಹದಿನಾರು ಆ ಕಡೆ. ಎರಡು ಮಾತ್ರ ಉಲ್ಟಾ. ಅವ್ಯಾಕೆ ಹಂಗೆ ಅಂತ ಗೊತ್ತಿಲ್ಲ."

"ಹಾಗಾದ್ರೆ ನೀರು ಬಂದಿದ್ದು?"

"ಬಾವಿ ಕಡೆಯಿಂದ. ಇಲ್ಲೊಂದು ಹೊಳೆ ಇತ್ತು."

ಮೇಡಂ ಕೈಚೀಲ ಪಕ್ಕಕ್ಕಿಟ್ಟು ಗುಂಡಿಯಂಚಿನಲ್ಲಿ ಮಂಡಿಯೂರಿದರು. ನಕ್ಕಿದ್ದ ಹುಡುಗಿಯೂ ಉಳಿದವರ ನಡುವೆ ತೂರಿಕೊಂಡು ಬಗ್ಗಿದಳು. "ಯಾವ ಎರಡು ಉಲ್ಟಾ? ನಂಗೆ ಕಾಣ್ತಿಲ್ಲ."

"ನಿಧಾನಕ್ಕೆ ನೋಡ್ರಮ್ಮ," ಎಂದ ದರ್ಜಿ. "ನಮ್ಮಕ್ಕಂಗೇನೂ ಅವಸರ ಇಲ್ಲ."

ಅಪ್ಪ ಹಾರೆಯನ್ನು ಮೇಲಕ್ಕೆ ಕೊಟ್ಟ.

"ಕಾಗದ ಅಲ್ಲೇ ಇಟ್ಟಿರಿ ಮೇಡಮ್ಮೋರೇ. ಕೈ ತೊಳ್ಕೊಂಡು ರುಜು ಹಾಕ್ತೀನಿ."

ಹೆಗಲ ವಸ್ತ್ರ ತೆಗೆದು, ಮೇಲಿನವರಿಗೆ ಬೆಳಕು ಬೀಳುವಂತೆ ಒಂದು ಬದಿಗೆ ಸರಿದು, ಗೋಡೆಯಲ್ಲಿದ್ದ ಕಲ್ಲುಗಳ ಮಣ್ಣನ್ನು ಒಂದೊಂದಾಗಿ, ಒಂದೂ ಅಲುಗದ ಹಾಗೆ, ಒರೆಸತೊಡಗಿದ.