ಬರೆಸದೆ ಹೋದ ಒಂಬತ್ತು ಮನೆ

ನನ್ನ ತಮ್ಮ ವೆಂಕಟೇಶಪ್ಪನಿಗೆ ನಾಲ್ಕಕ್ಷರ ಬಂದದ್ದೇ ನಮ್ಮ ಕೇರಿಗೆ ಮುಳುವಾಯಿತು. ಹೀಗೆ ಹೇಳಿದರೆ ಬಂಧುಗಳಿಗೆ ಮೈ ಉರಿಯುತ್ತದೆ. ಉರಿಯಲಿ.

ಬೇರಿಕೆ ಊರಿನ ಆಚೆ, ಕೆರೆಯ ಹಿನ್ನೀರು ನಿಲ್ಲುವ ಜೌಗಿನ ಅಂಚಿಗೆ ನಾವು ಹನ್ನೊಂದು ಮನೆಯವರಿದ್ದೆವು. ಜೌಗಿನ ತುಂಬ ಆಳೆತ್ತರದ ಜೊಂಡು. ಅದನ್ನು ಕೊಯ್ದು, ಒಣಗಿಸಿ, ಚಾಪೆ ಹೆಣೆದು ಸಂತೆಗೆ ಒಯ್ಯುವುದೇ ನಮ್ಮ ಬದುಕು. ಮನೆಗಳಿಗೆ ಮರದ ಬಾಗಿಲಿರಲಿಲ್ಲ. ಜೊಂಡಿನ ಚಾಪೆಯೇ ಬಾಗಿಲು.

ನಲವತ್ತೊಂದರಲ್ಲಿ ಸರ್ಕಾರದವರು ತಲೆ ಲೆಕ್ಕ ಬರೆಸಿದರು. ನಮ್ಮ ಕಡೆ ಬರೆಯುವ ಕೆಲಸ, ಬೇರಿಕೆಯಲ್ಲಿ ಮನೆ ಮಾಡಿಕೊಂಡಿದ್ದ ವೆಂಕಟೇಶಪ್ಪನಿಗೇ ಸಿಕ್ಕಿತು. ಯುದ್ಧದ ಕಾಲ. ಹೆಸರು ಬರೆಸಿದ ಗಂಡಸರನ್ನು ಪಟಾಲಮ್ಮಿಗೆ ಎಳೆದುಕೊಂಡು ಹೋಗುತ್ತಾರೆಂದು ಅವನೇ ಬಂದು ನನ್ನ ಕಿವಿಯಲ್ಲಿ ಹೇಳಿದ. ಬಾಗಿಲಿಲ್ಲದ ಗುಡಿಸಲನ್ನು ಪಾಳು ಎಂದು ಬಿಟ್ಟುಬಿಡುತ್ತೇನೆ, ಮೇಲಿನವರು ಬಂದು ನೋಡಿದರೂ ಅನುಮಾನ ಬರುವುದಿಲ್ಲ ಎಂದ. ನಾನು ಮನೆಮನೆಗೆ ಹೋಗಿ ತಿಳಿಸಿದೆ. ಮನಸ್ಸಿಲ್ಲದ ಪಕ್ಕದ ಮನೆಯ ಕನಕಮ್ಮನನ್ನೂ ಬಿಡದೆ ಒಪ್ಪಿಸಿದೆ. ಅವಳಿಗೆ ಗಂಡ, ಪ್ರಾಯಕ್ಕೆ ಬಂದ ಇಬ್ಬರು ಗಂಡುಮಕ್ಕಳು. ಒಂಬತ್ತು ಮನೆಯವರು ಬಾಗಿಲು ಸುತ್ತಿ ಕಂಕುಳಲ್ಲಿಟ್ಟುಕೊಂಡು ಎರಡು ಹಗಲು ಜೊಂಡಿನ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತರು. ಬರೆಸಿದ್ದು ವಿಧವೆಯಾದ ನನ್ನ ಮನೆ ಮತ್ತು ಹಾಸಿಗೆ ಹಿಡಿದಿದ್ದ ಮುದುಕ ಪಾಪಯ್ಯನ ಮನೆ, ಎರಡೇ. ಪಟಾಲಮ್ಮಿಗೆ ಯಾರೂ ಹೋಗಲಿಲ್ಲ. ತಮ್ಮನನ್ನು ನಾನು ಹೊಗಳಿದ್ದೇ ಹೊಗಳಿದ್ದು.

ಎರಡು ವರ್ಷ ಕಳೆದ ಮೇಲೆ ಅಕ್ಕಿಗೆ ಅಭಾವ ಬಂತು. ಜೌಗಿನ ನೀರು ಬಸಿದು ಗದ್ದೆ ಮಾಡಬೇಕೆಂದು ಅಪ್ಪಣೆಯಾಯಿತು. ಜೌಗನ್ನೇ ನಂಬಿದವರಿಗೆ ಮನೆಗೊಂದು ತುಂಡು ಗದ್ದೆ ಕೊಡುತ್ತಾರಂತೆ. ಅಧಿಕಾರಿ ಬಂದು ಪಟ್ಟಿ ತೆಗೆದು ಎರಡು ಮನೆ ಎಂದರು. ಎದುರಿಗೆ ಹನ್ನೊಂದು ಮನೆಯವರೂ ನಿಂತಿದ್ದೆವು. ಮಿಕ್ಕವರು ಯಾರೆಂದು ಅವರು ಪಕ್ಕದಲ್ಲಿದ್ದ ವೆಂಕಟೇಶಪ್ಪನನ್ನೇ ಕೇಳಿದರು.

"ಹೊರಗಿಂದ ಬಂದೋರು ಸ್ವಾಮಿ. ಜೊಂಡು ಕುಯ್ಯಕ್ಕೆ ಬತ್ತಾರೆ" ಎಂದ ನನ್ನ ತಮ್ಮ.

ನಮ್ಮೆರಡು ಮನೆಗೆ ಕೊಟ್ಟು ಉಳಿದ ಗದ್ದೆಯನ್ನೆಲ್ಲ ಅವನು ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಂಡ. ಅವನ ಮನೆಗೇ ಹೋಗಿ ಮುಖಕ್ಕೆ ಉಗಿದೆ. ಸುಳ್ಳು ಬರೆದೆನೆಂದು ಒಪ್ಪಿಕೊಂಡರೆ ತನಗೆ ಜೈಲು ಎಂದ. ಅದು ನಿಜವೇ ಇರಬಹುದು. ಗದ್ದೆಗೆ ಕೈ ಚಾಚು ಎಂದು ಯಾರು ಹೇಳಿದ್ದರು?

ಕಾಲುವೆ ತೋಡಿದ ಬೇಸಿಗೆಯಲ್ಲೇ ಜೊಂಡು ಒಣಗಿತು. ಮೊದಲು ಮುನಿರತ್ನಮ್ಮನ ಮನೆಯವರು ಕೃಷ್ಣಗಿರಿಯ ಕಡೆ ಕಲ್ಲು ಒಡೆಯಲು ಹೋದರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಮಳೆ ಹಿಡಿಯುವ ಹೊತ್ತಿಗೆ ಕೇರಿಯಲ್ಲಿ ಮೂರು ಮನೆಗಳಲ್ಲಿ ಮಾತ್ರ ಒಲೆ ಉರಿಯುತ್ತಿತ್ತು. ಕೊನೆಗೆ ಕನಕಮ್ಮನೂ ಗಂಟು ಕಟ್ಟಿದಳು. ನನ್ನ ಗದ್ದೆಯಲ್ಲಿ ಅರ್ಧ ತಗೋ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

"ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವೇನೇ ಪಿಳ್ಳಮ್ಮ?"

ಗೊತ್ತಿರಲಿಲ್ಲವೆಂದು ದೇವರಾಣೆ ಇಟ್ಟು ಅತ್ತುಬಿಟ್ಟೆ. ಅವಳು ಹೂಂ ಎಂದು ತಲೆಯಾಡಿಸಿದಳು. ನಂಬಿದ್ದಕ್ಕಲ್ಲ, ನನ್ನ ಮಾತು ಬೇಗ ಮುಗಿಯಲಿ ಎಂದು.